ಪರಮಾಣು ಎಂಜಿನಿಯರಿಂಗ್ ಪಠ್ಯಕ್ರಮ: ಒಂದು ಜಾನಪದೀಯ ವಿಮರ್ಶೆ

1

ಪರಮಾಣು ಎಂಜಿನಿಯರಿಂಗ್ ಅಭ್ಯಾಸ ಮಾಡುವ ವಿದ್ಯಾರ್ಥಿ ಒಂದಲ್ಲ ಒಂದು ದಿನ ಕೇಳಿಯೇ ಕೇಳುವ ಕಥೆಯೊಂದಿದೆ. 1942ರ ಡಿಸೆಂಬರ್ 2ರಂದು ಶಿಕಾಗೊ ವಿಶ್ವವಿದ್ಯಾಲಯದ ಕ್ರೀಡಾಂಗಣದ ಅಟ್ಟಣೆಯ ಕೆಳಗೆ ಎನ್ರಿಕೊ ಫರ್ಮಿ ಮತ್ತು ಅವರ ಸಂಗಡಿಗರು ಮಾನವ ನಿರ್ಮಿತವಾದ ಮೊದಲ ಸ್ವಯಂಪೋಷಿತ ಸರಪಳಿ ಕ್ರಿಯೆಯನ್ನು ಸಾಧಿಸಿದರು. ಆಗ ಸುರಕ್ಷಾ ದಂಡವನ್ನು ಕಟ್ಟಿದ್ದ ಹಗ್ಗದ ಬಳಿ ನಾರ್ಮನ್ ಹಿಲ್ಬೆರಿ ಎಂಬ ವಿಜ್ಞಾನಿ ಕೊಡಲಿ ಹಿಡಿದು ನಿಂತಿದ್ದರು. ಕ್ರಿಯೆ ಕೈಮೀರಿದರೆ ಹಗ್ಗವನ್ನು ಕಡಿಯುವುದು ಅವರ ಕೆಲಸ. ರಿಯಾಕ್ಟರನ್ನು ತಟ್ಟನೆ ನಿಲ್ಲಿಸುವುದಕ್ಕೆ ಇಂದಿಗೂ ಬಳಕೆಯಲ್ಲಿರುವ ‘ಸ್ಕ್ರ್ಯಾಮ್’ ಎಂಬ ಪದವು ಆ ಕೊಡಲಿ ಹಿಡಿದವನ ಹುದ್ದೆಯನ್ನು ಹೇಳುವ ಇಂಗ್ಲಿಷ್ ಪದಗಳ ಮೊದಲಕ್ಷರಗಳಿಂದ ಹುಟ್ಟಿತೆಂಬಲ್ಲಿಗೆ ಕಥೆ ಮುಗಿಯುತ್ತದೆ.

ಕಥೆಯ ಮೊದಲ ಭಾಗಕ್ಕೆ ಸಾಕ್ಷ್ಯವಿದೆ. ಕೊನೆಯ ಭಾಗವನ್ನು ಇತಿಹಾಸಕಾರರು ಸಂಶಯದಿಂದಲೇ ನೋಡುತ್ತಾರೆ. ‘ಜಾಗ ಖಾಲಿ ಮಾಡು’ ಎಂಬ ಅರ್ಥದಲ್ಲಿ ಆ ಪದ ಅಮೆರಿಕದ ಆಡುಮಾತಿನಲ್ಲಿ ಮೊದಲೇ ಇತ್ತು. ಆದ್ದರಿಂದ ಈ ವ್ಯುತ್ಪತ್ತಿಯನ್ನು ನಾವು ಜನಪದ ನಿರುಕ್ತಿಯೆಂದೇ ಕರೆಯಬೇಕಾಗುತ್ತದೆ. ಯಾವ ಪರೀಕ್ಷೆಗೂ ಬಾರದ ಈ ಕಥೆ ಗುರುವಿನಿಂದ ಶಿಷ್ಯನಿಗೆ, ಹಿರಿಯನಿಂದ ಕಿರಿಯನಿಗೆ ಬಾಯಿಮಾತಿನಲ್ಲಿ ಸಾಗಿಬಂದಿದೆ. ಯಂತ್ರ ಎಷ್ಟೇ ಜಾಣವಾಗಿರಲಿ, ಹಗ್ಗದ ಬಳಿ ಎಚ್ಚರವಾಗಿರುವ ಮನುಷ್ಯನೊಬ್ಬ ಇರಬೇಕೆಂಬ ವೃತ್ತಿಧರ್ಮವನ್ನು ಅದು ಕಲಿಸುತ್ತದೆ. ಸಮಾನವಾದ ಒಂದಾದರೂ ಅಂಶವನ್ನು ಹಂಚಿಕೊಂಡ ಯಾವುದೇ ಗುಂಪು ‘ಜನಪದ’ವೇ ಎಂದು ಅಲನ್ ಡಂಡೆಸ್ ವಿವರಿಸಿದ್ದನ್ನು ಒಪ್ಪುವುದಾದರೆ, ಪರಮಾಣು ಎಂಜಿನಿಯರರೂ ಒಂದು ಜನಪದ, ಅವರಿಗೂ ತಮ್ಮದೇ ಆದ ವೃತ್ತಿ ಜಾನಪದವಿದೆ.

ಪ್ರಸ್ತುತ ಲೇಖನವು ಪರಮಾಣು ಎಂಜಿನಿಯರಿಂಗ್‌ನ ವಿಶ್ವವಿದ್ಯಾಲಯ ಪಠ್ಯಕ್ರಮವನ್ನು ಒಂದು ಪಠ್ಯವಾಗಿ ಓದುವ ಪ್ರಯತ್ನ. ಅದರ ಭೌತಶಾಸ್ತ್ರವನ್ನು ಪ್ರಶ್ನಿಸುವ ಅಧಿಕಾರ ಜಾನಪದ ವಿದ್ವಾಂಸನಿಗಿಲ್ಲ. ಆದರೆ ಜ್ಞಾನವು ಒಬ್ಬರಿಂದ ಇನ್ನೊಬ್ಬರಿಗೆ ಹೇಗೆ ಸಾಗುತ್ತದೆ, ಎಲ್ಲಿ ತುಂಡಾಗುತ್ತದೆ, ಯಾರ ಮಾತು ಜ್ಞಾನವೆನಿಸುತ್ತದೆ ಎಂಬ ಪ್ರಶ್ನೆಗಳು ನಮ್ಮ ಶಿಸ್ತಿನ ಕೇಂದ್ರ ಪ್ರಶ್ನೆಗಳು. ಈ ಕ್ಷೇತ್ರದ ದೊಡ್ಡ ಅವಘಡಗಳಲ್ಲಿ ಕೊರತೆಯಾದದ್ದು ಅರಿವಿಗಿಂತ ಹೆಚ್ಚಾಗಿ ಅರಿವಿನ ಪ್ರಸರಣ. ಪಠ್ಯಕ್ರಮವು ಈ ಪ್ರಸರಣವನ್ನು ಇನ್ನೂ ಬೋಧನೆಯ ವಸ್ತುವನ್ನಾಗಿ ಸ್ವೀಕರಿಸಿಲ್ಲ ಎಂಬುದು ಇಲ್ಲಿನ ವಾದ.

2

ಈ ಪಠ್ಯಕ್ರಮದ ಚರಿತ್ರೆ ದೀರ್ಘವಾದದ್ದಲ್ಲ. ಅಮೆರಿಕದ ನಾರ್ತ್ ಕೆರೊಲಿನಾ ಸ್ಟೇಟ್ ಕಾಲೇಜು 1950ರಲ್ಲಿ ಮೊದಲ ವಿಶ್ವವಿದ್ಯಾಲಯ ಮಟ್ಟದ ಪಠ್ಯಕ್ರಮವನ್ನು ಆರಂಭಿಸಿತು. 1953ರಲ್ಲಿ ತನ್ನ ಆವರಣದಲ್ಲಿಯೇ ರಿಯಾಕ್ಟರೊಂದನ್ನು ನಡೆಸತೊಡಗಿತು. ಅದೇ 1950ರಲ್ಲಿ ಓಕ್ ರಿಡ್ಜ್‌ನಲ್ಲಿ ರಿಯಾಕ್ಟರ್ ತಂತ್ರಜ್ಞಾನದ ಶಾಲೆ ತೆರೆಯಿತು. ಗ್ಲಾಸ್‌ಸ್ಟೋನ್ ಮತ್ತು ಎಡ್ಲಂಡ್ ಅವರ ರಿಯಾಕ್ಟರ್ ಸಿದ್ಧಾಂತದ ಗ್ರಂಥ 1952ರಲ್ಲಿಯೂ ಲಮಾರ್ಶ್ ಅವರ ಗ್ರಂಥ 1966ರಲ್ಲಿಯೂ ಪ್ರಕಟವಾದವು. ನ್ಯೂಟ್ರಾನ್ ಭೌತಶಾಸ್ತ್ರ, ಉಷ್ಣ ಮತ್ತು ದ್ರವ ಚಲನೆ, ಇಂಧನ ಚಕ್ರ, ಪದಾರ್ಥ ವಿಜ್ಞಾನ, ವಿಕಿರಣ ರಕ್ಷಣೆ, ಸುರಕ್ಷಾ ವಿಶ್ಲೇಷಣೆ ಎಂಬ ವಿಭಾಗಕ್ರಮ ಅಲ್ಲಿಂದ ಮುಂದೆ ಬಹುಮಟ್ಟಿಗೆ ಸ್ಥಿರವಾಯಿತು.

ಭಾರತದ ದಾರಿ ತುಸು ಬೇರೆ. 1957ರಲ್ಲಿ ಟ್ರಾಂಬೆಯಲ್ಲಿ ತರಬೇತಿ ಶಾಲೆಯೊಂದು ಆರಂಭವಾಯಿತು. ಹೋಮಿ ಭಾಭಾ ಅವರ ಈ ಕಲ್ಪನೆಯನ್ನು ಕಾರ್ಯರೂಪಕ್ಕೆ ತಂದವರಲ್ಲಿ ಕನ್ನಡ ನಾಡಿನ ರಾಜಾ ರಾಮಣ್ಣ ಪ್ರಮುಖರು. ವಿಜ್ಞಾನ ಮತ್ತು ಎಂಜಿನಿಯರಿಂಗ್ ಪದವೀಧರರನ್ನು ಆರಿಸಿ, ಒಂದು ವರ್ಷ ಒಟ್ಟಿಗೆ ಇರಿಸಿ ಕಲಿಸಿ, ಬಳಿಕ ಅದೇ ಸಂಸ್ಥೆಗಳಲ್ಲಿ ಕೆಲಸಕ್ಕೆ ಸೇರಿಸಿಕೊಳ್ಳುವ ಪದ್ಧತಿ ಅದು. ಕಲಿಸುವವರು ಕೆಲಸ ಮಾಡುತ್ತಿರುವವರೇ ಆಗಿದ್ದುದರಿಂದ ಅಲ್ಲಿ ಗುರುಕುಲದ ಲಕ್ಷಣವಿತ್ತು. ಪುಸ್ತಕಕ್ಕೆ ಸೇರದ ಅನುಭವವು ಊಟದ ಮನೆಯಲ್ಲಿ, ಪ್ರಯೋಗಾಲಯದಲ್ಲಿ ಸಾಗಲು ಅವಕಾಶವಿತ್ತು. 2005ರಲ್ಲಿ ಸ್ಥಾಪಿತವಾದ ಹೋಮಿ ಭಾಭಾ ರಾಷ್ಟ್ರೀಯ ಸಂಸ್ಥೆಯು ಈ ಕಲಿಕೆಗೆ ವಿಶ್ವವಿದ್ಯಾಲಯದ ಮಾನ್ಯತೆಯನ್ನು ನೀಡಿತು.

ಇತ್ತೀಚಿನ ಪಠ್ಯಕ್ರಮ ಚಿಂತನೆಯ ಪ್ರಾತಿನಿಧಿಕ ದಾಖಲೆಯಾಗಿ ಅಂತಾರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆಯು 2014ರಲ್ಲಿ ಪ್ರಕಟಿಸಿದ ಮಾರ್ಗದರ್ಶಿಯನ್ನು ನೋಡಬಹುದು. ಸಾಮರ್ಥ್ಯಗಳನ್ನು ಆಧರಿಸಿ ಪಠ್ಯಕ್ರಮವನ್ನು ರೂಪಿಸುವುದು ಅದರ ವಿಧಾನ. ಸ್ನಾತಕ ಮತ್ತು ಸ್ನಾತಕೋತ್ತರ ಪದವೀಧರನು ಏನನ್ನು ಬಲ್ಲವನಾಗಿರಬೇಕು, ಏನನ್ನು ಮಾಡಬಲ್ಲವನಾಗಿರಬೇಕು ಎಂಬುದನ್ನು ಮೊದಲು ಗೊತ್ತುಮಾಡಿಕೊಂಡು ಅಲ್ಲಿಂದ ಹಿಂದಕ್ಕೆ ಬೋಧನೆಯನ್ನು ಕಟ್ಟುವ ಈ ಕ್ರಮಕ್ಕೆ ದೊಡ್ಡ ಗುಣವಿದೆ. ಬೇರೆ ಬೇರೆ ದೇಶಗಳ ಪದವಿಗಳನ್ನು ಒಂದೇ ಅಳತೆಗೋಲಿನಲ್ಲಿ ತೂಗಲು ಅದು ನೆರವಾಗುತ್ತದೆ. ಆದರೆ ಸಾಮರ್ಥ್ಯವನ್ನು ಒಬ್ಬ ವ್ಯಕ್ತಿಯ ಸ್ವತ್ತೆಂದು ಭಾವಿಸುವುದು ಇದರ ಮಿತಿ. ಸ್ಥಾವರವೊಂದು ನಲವತ್ತರಿಂದ ಅರವತ್ತು ವರ್ಷ ನಡೆಯುತ್ತದೆ. ಅದನ್ನು ಕಟ್ಟಿದವರು ಅದನ್ನು ಮುಚ್ಚುವ ಹೊತ್ತಿಗೆ ಕೆಲಸದಲ್ಲಿರುವುದಿಲ್ಲ. ಸ್ಥಾವರದ ಅರಿವು ಒಂದು ಸಮುದಾಯದ ಸ್ವತ್ತು, ಅದು ತಲೆಮಾರುಗಳನ್ನು ದಾಟಬೇಕಾದದ್ದು. ಪಟ್ಟಿಯಲ್ಲಿರುವ ಸಾಮರ್ಥ್ಯಗಳೆಲ್ಲವನ್ನೂ ಪಡೆದ ನೂರು ಜನರಿದ್ದರೂ, ಅವರ ನಡುವೆ ಮಾತು ಸಾಗದಿದ್ದರೆ ಏನಾಗುತ್ತದೆ ಎಂಬುದಕ್ಕೆ ಚರಿತ್ರೆ ಉದಾಹರಣೆಗಳನ್ನು ಒದಗಿಸಿದೆ.

3

1979ರ ಮಾರ್ಚ್ 28ರ ನಸುಕಿನಲ್ಲಿ ಅಮೆರಿಕದ ತ್ರೀ ಮೈಲ್ ಐಲೆಂಡ್ ಸ್ಥಾವರದ ಎರಡನೆಯ ಘಟಕದಲ್ಲಿ ಒತ್ತಡ ಇಳಿಸುವ ಕವಾಟವೊಂದು ತೆರೆದುಕೊಂಡು, ಮತ್ತೆ ಮುಚ್ಚಿಕೊಳ್ಳದೆ ಹಾಗೆಯೇ ನಿಂತಿತು. ಫಲಕದ ಮೇಲಿನ ದೀಪವು ಕವಾಟಕ್ಕೆ ಮುಚ್ಚುವ ಆಜ್ಞೆ ಹೋಗಿದೆಯೆಂಬುದನ್ನು ಮಾತ್ರ ತಿಳಿಸುತ್ತಿತ್ತು, ಅದು ನಿಜವಾಗಿ ಮುಚ್ಚಿದೆಯೇ ಎಂಬುದನ್ನಲ್ಲ. ಮಾಪಕದಲ್ಲಿ ನೀರಿನ ಮಟ್ಟ ಏರಿದ್ದನ್ನು ಕಂಡ ಚಾಲಕರು ರಿಯಾಕ್ಟರಿನೊಳಗೆ ನೀರು ಹೆಚ್ಚಾಗಿದೆಯೆಂದು ಬಗೆದು ತುರ್ತು ನೀರಿನ ಪೂರೈಕೆಯನ್ನು ತಗ್ಗಿಸಿದರು. ಎರಡು ಗಂಟೆಗೂ ಹೆಚ್ಚು ಕಾಲ ತಂಪುನೀರು ಸೋರಿಹೋಯಿತು; ರಿಯಾಕ್ಟರಿನ ಗರ್ಭದ ಒಂದು ಭಾಗ ಕರಗಿತು.

ಇದೇ ಘಟನೆ ಇದಕ್ಕೆ ಹದಿನೆಂಟು ತಿಂಗಳ ಮೊದಲು, 1977ರ ಸೆಪ್ಟೆಂಬರ್ 24ರಂದು, ಇದೇ ತಯಾರಕರು ರೂಪಿಸಿದ ಡೇವಿಸ್-ಬೆಸಿ ಸ್ಥಾವರದಲ್ಲಿ ನಡೆದಿತ್ತು. ಅಲ್ಲಿಯೂ ಕವಾಟ ತೆರೆದೇ ಉಳಿಯಿತು, ಅಲ್ಲಿಯೂ ಚಾಲಕರು ನೀರನ್ನು ತಗ್ಗಿಸಿದರು. ಸ್ಥಾವರ ಆಗ ಅತ್ಯಲ್ಪ ಶಕ್ತಿಯಲ್ಲಿ ನಡೆಯುತ್ತಿದ್ದುದರಿಂದ ಮತ್ತು ಚಾಲಕರು ಸುಮಾರು ಇಪ್ಪತ್ತು ನಿಮಿಷಗಳಲ್ಲಿ ಸಂಗತಿಯನ್ನು ಗ್ರಹಿಸಿದ್ದರಿಂದ ಅನಾಹುತ ತಪ್ಪಿತು. ತಯಾರಕ ಸಂಸ್ಥೆಯ ಎಂಜಿನಿಯರೊಬ್ಬರು 1978ರ ಫೆಬ್ರವರಿಯಲ್ಲಿ ಈ ಅಪಾಯವನ್ನು ವಿವರಿಸಿ ಆಂತರಿಕ ಟಿಪ್ಪಣಿಯನ್ನೂ ಬರೆದಿದ್ದರು. ಆ ಎಚ್ಚರಿಕೆ ತ್ರೀ ಮೈಲ್ ಐಲೆಂಡಿನ ಚಾಲಕರನ್ನು ಮುಟ್ಟಲಿಲ್ಲ. 1979ರ ಅಕ್ಟೋಬರಿನಲ್ಲಿ ವರದಿ ಸಲ್ಲಿಸಿದ ಕೆಮೆನಿ ಆಯೋಗವು ಮೂಲ ಸಮಸ್ಯೆಗಳು ಉಪಕರಣಗಳಿಗಿಂತ ಮನುಷ್ಯರಿಗೆ ಮತ್ತು ಸಂಸ್ಥೆಗಳಿಗೆ ಸಂಬಂಧಿಸಿದವು ಎಂಬ ನಿರ್ಣಯಕ್ಕೆ ಬಂದಿತು.

ಚೆರ್ನೋಬಿಲ್‌ನ ಹಿಂದೆಯೂ ಇಂಥದೇ ತುಂಡಾದ ಕಥೆಗಳಿವೆ. ಅದೇ ಬಗೆಯ ರಿಯಾಕ್ಟರಿನಲ್ಲಿ 1975ರಲ್ಲಿ ಲೆನಿನ್‌ಗ್ರಾಡ್ ಸ್ಥಾವರದಲ್ಲಿ ಅವಘಡವೊಂದು ಸಂಭವಿಸಿತ್ತು. ನಿಯಂತ್ರಣ ದಂಡಗಳನ್ನು ಒಳಗಿಳಿಸಿದಾಗ ಕ್ರಿಯೆ ತಗ್ಗುವ ಬದಲು ಕ್ಷಣಕಾಲ ಹೆಚ್ಚಬಹುದೆಂಬುದು 1983ರಲ್ಲಿ ಇಗ್ನಲೀನಾ ಸ್ಥಾವರದಲ್ಲಿ ಕಂಡುಬಂದಿತ್ತು. 1986ರ ಏಪ್ರಿಲ್ 26ರಂದು ತುರ್ತು ಗುಂಡಿಯನ್ನು ಒತ್ತಿದ ಚೆರ್ನೋಬಿಲ್ ಚಾಲಕರಿಗೆ ಇದರ ತಿಳಿವಳಿಕೆಯಿರಲಿಲ್ಲ.

ಈ ಘಟನೆಯ ನಿರೂಪಣೆಯೂ ಎರಡು ಪಾಠಗಳಲ್ಲಿ ನಮಗೆ ದೊರೆಯುತ್ತದೆ. ಅಂತಾರಾಷ್ಟ್ರೀಯ ಸಂಸ್ಥೆಯ ಸುರಕ್ಷಾ ಸಲಹಾ ಸಮಿತಿಯು 1986ರಲ್ಲಿ ಸೋವಿಯತ್ ಒಕ್ಕೂಟ ನೀಡಿದ ವಿವರಗಳನ್ನಾಧರಿಸಿ ಸಿದ್ಧಪಡಿಸಿದ ವರದಿಯಲ್ಲಿ ದೋಷದ ಭಾರ ಹೆಚ್ಚಾಗಿ ಚಾಲಕರ ಮೇಲೆ ಬಿದ್ದಿತ್ತು. ಅದೇ ಸಮಿತಿ 1992ರಲ್ಲಿ ಪ್ರಕಟಿಸಿದ ಪರಿಷ್ಕೃತ ವರದಿಯಲ್ಲಿ ಆ ಭಾರ ರಿಯಾಕ್ಟರಿನ ವಿನ್ಯಾಸದ ಕಡೆಗೂ ಸುರಕ್ಷಾ ಸಂಸ್ಕೃತಿಯ ಕೊರತೆಯ ಕಡೆಗೂ ಸರಿಯಿತು. ಒಂದೇ ರಾತ್ರಿಯ ಕಥೆ, ಹೇಳುವವರೂ ಸಂದರ್ಭವೂ ಬದಲಾದಾಗ ಬೇರೆ ಕಥೆಯಾಯಿತು. ಪಾಠಾಂತರಗಳನ್ನು ಎದುರುಬದುರು ಇಟ್ಟು ಓದುವುದನ್ನು ಕಲಿತ ಜಾನಪದ ವಿದ್ಯಾರ್ಥಿಗೆ ಇದು ಪರಿಚಿತ ವಿದ್ಯಮಾನ. ಎಂಜಿನಿಯರಿಂಗ್ ವಿದ್ಯಾರ್ಥಿಗೆ ಸಾಮಾನ್ಯವಾಗಿ ಎರಡನೆಯ ಪಾಠದ ಸಾರಾಂಶ ಮಾತ್ರ ‘ಕಾರಣಗಳು’ ಎಂಬ ಶೀರ್ಷಿಕೆಯಡಿ ದೊರೆಯುತ್ತದೆ.

ಅನುಭವವನ್ನು ಹಂಚಿಕೊಳ್ಳುವ ವ್ಯವಸ್ಥೆ ಈಗಾಗಲೇ ಇದೆಯೆಂದು ಆಕ್ಷೇಪಿಸಬಹುದು. 1979ರ ಬಳಿಕ ಅಮೆರಿಕದ ವಿದ್ಯುತ್ ಉದ್ಯಮವೂ 1989ರಲ್ಲಿ ಜಗತ್ತಿನ ಸ್ಥಾವರ ನಿರ್ವಾಹಕರೂ ಇದಕ್ಕೆಂದೇ ಸಂಸ್ಥೆಗಳನ್ನು ಕಟ್ಟಿಕೊಂಡರು. ಇವುಗಳ ಕೊಡುಗೆಯನ್ನು ಕಡೆಗಣಿಸುವಂತಿಲ್ಲ. ಆದರೆ ಘಟನಾ ವರದಿಯ ರೂಪದಲ್ಲೇ ಒಂದು ತೊಡಕಿದೆ. ಅಲ್ಲಿ ಹೇಳುವವನಿಲ್ಲ, ಆ ಕ್ಷಣದ ಗೊಂದಲವಿಲ್ಲ. ಅಂತ್ಯವನ್ನು ಬಲ್ಲವರು ಬರೆದ ಬರವಣಿಗೆ ಅದು. ಅದನ್ನು ಓದಿದ ವಿದ್ಯಾರ್ಥಿಗೆ ಚಾಲಕರು ಮೂಢರಂತೆ ಕಾಣುತ್ತಾರೆ, ತಾನು ಅಲ್ಲಿದ್ದರೆ ಹಾಗೆ ಮಾಡುತ್ತಿರಲಿಲ್ಲವೆಂಬ ಭರವಸೆ ಹುಟ್ಟುತ್ತದೆ. ಶಿಕ್ಷಣದ ದೃಷ್ಟಿಯಿಂದ ಇದಕ್ಕಿಂತ ಅಪಾಯಕರವಾದ ಭರವಸೆ ಇನ್ನೊಂದಿಲ್ಲ.

4

ಸ್ಥಾವರದೊಳಗಿನ ನೆನಪಿನಂತೆ ಸ್ಥಾವರದ ಹೊರಗಿನ ಜನರ ನೆನಪಿನ ಪ್ರಶ್ನೆಯೂ ಇದೆ. 2011ರ ಮಾರ್ಚ್ 11ರ ಸುನಾಮಿ ಇದನ್ನು ಜಗತ್ತಿನ ಮುಂದಿಟ್ಟಿತು. ಫುಕುಶಿಮಾ ದಾಯಿಚಿ ಸ್ಥಾವರಕ್ಕೆ 1966ರಲ್ಲಿ ಅನುಮತಿ ದೊರೆತಾಗ ಪರಿಗಣಿಸಿದ್ದ ಸುನಾಮಿಯ ಎತ್ತರ 3.1 ಮೀಟರ್, 2002ರಲ್ಲಿ ಅದನ್ನು 5.7 ಮೀಟರಿಗೆ ಏರಿಸಲಾಯಿತು. ಮೂಲತಃ ಸುಮಾರು 35 ಮೀಟರ್ ಎತ್ತರವಿದ್ದ ಕಡಲದಂಡೆಯ ದಿಬ್ಬವನ್ನು 10 ಮೀಟರಿಗೆ ತಗ್ಗಿಸಿ ಸ್ಥಾವರವನ್ನು ಕಟ್ಟಲಾಗಿತ್ತು. ಅಲೆಗಳು 15.7 ಮೀಟರ್ ಮುಟ್ಟಬಹುದೆಂಬ ಲೆಕ್ಕಾಚಾರ 2008ರಲ್ಲಿಯೇ ನಿರ್ವಾಹಕ ಸಂಸ್ಥೆಯೊಳಗೆ ಸಿದ್ಧವಾಗಿತ್ತು; ಅದನ್ನು ಅನುಸರಿಸಿ ಕಾಮಗಾರಿ ನಡೆಯಲಿಲ್ಲ.

ಭೂಕಂಪದ ಕೇಂದ್ರಕ್ಕೆ ಇನ್ನೂ ಹತ್ತಿರವಿದ್ದ ಒನಗಾವಾ ಸ್ಥಾವರವನ್ನು 14.8 ಮೀಟರ್ ಎತ್ತರದಲ್ಲಿ ಕಟ್ಟಲಾಗಿತ್ತು. ಸುಮಾರು 13 ಮೀಟರಿನ ಅಲೆಯನ್ನು ತಾಳಿಕೊಂಡು ಅದು ಸುರಕ್ಷಿತವಾಗಿ ನಿಂತಿತು. ಮನೆ ಕಳೆದುಕೊಂಡ ಸುತ್ತಲಿನ ಮುನ್ನೂರಕ್ಕೂ ಹೆಚ್ಚು ಜನ ಆ ಸ್ಥಾವರದ ಆವರಣದಲ್ಲಿಯೇ ಆಶ್ರಯ ಪಡೆದರು. ಆ ಎತ್ತರಕ್ಕಾಗಿ ಪಟ್ಟುಹಿಡಿದವರೆಂದು ಹಿರಾಯಿ ಯಾನೊಸುಕೆ ಎಂಬ ಎಂಜಿನಿಯರರ ಹೆಸರನ್ನು ಸ್ಮರಿಸಲಾಗುತ್ತದೆ. ಆ ಸೀಮೆಯವರೇ ಆದ ಅವರು ಕ್ರಿ.ಶ. 869ರ ಜೋಗಾನ್ ಸುನಾಮಿಯ ನೆನಪನ್ನು ಮುಂದಿಟ್ಟು ವಾದಿಸಿದರೆಂದು ಹೇಳಲಾಗುತ್ತದೆ. ಸಾವಿರ ವರ್ಷ ಹಿಂದಿನ ನೆನಪೊಂದು ವಿನ್ಯಾಸದ ಅಂಕಿಯಾಗಿ ಮಾರ್ಪಟ್ಟ ಅಪರೂಪದ ನಿದರ್ಶನವಿದು.

ಇಲ್ಲಿ ಜಾನಪದ ವಿದ್ವಾಂಸನು ಹಿಗ್ಗುವ ಮೊದಲು ಎಚ್ಚರ ವಹಿಸಬೇಕಾಗುತ್ತದೆ. 2011ರ ಬಳಿಕ ಹಿರಾಯಿಯವರ ಕಥೆಯೇ ಒಂದು ಐತಿಹ್ಯದ ರೂಪ ತಾಳಿದೆ. ಸಮಿತಿಯ ಚರ್ಚೆಗಳೂ ಭೂವೈಜ್ಞಾನಿಕ ಅಧ್ಯಯನಗಳೂ ಹಿನ್ನೆಲೆಗೆ ಸರಿದು ಒಬ್ಬ ನಾಯಕ ಮಾತ್ರ ಉಳಿದಿದ್ದಾನೆ. ಅಷ್ಟೇ ಅಲ್ಲ, ಜನಪದ ಸ್ಮೃತಿ ಎಲ್ಲೆಡೆಯೂ ಜನರನ್ನು ಕಾಯಲಿಲ್ಲ. ಅನೆಯೋಶಿ ಎಂಬ ಹಳ್ಳಿಯಲ್ಲಿ 1933ರ ಸುನಾಮಿಯ ನಂತರ ನೆಟ್ಟ ಕಲ್ಲು ತನಗಿಂತ ಕೆಳಗೆ ಮನೆ ಕಟ್ಟಬಾರದೆಂದು ಹೇಳುತ್ತದೆ. ಊರವರು ಅದನ್ನು ಪಾಲಿಸಿದರು, 2011ರ ನೀರು ಕಲ್ಲಿಗಿಂತ ಕೆಳಗೇ ನಿಂತಿತು. ಆದರೆ ಅದೇ ಕರಾವಳಿಯುದ್ದಕ್ಕೂ ಅಂಥ ಕಲ್ಲುಗಳು ಇದ್ದ ಎಷ್ಟೋ ಕಡೆ ಅವುಗಳ ಮಾತನ್ನು ಜನ ಮರೆತಿದ್ದರು. ಕಲ್ಲಿನ ಮೇಲಿನ ಬರಹಕ್ಕೂ ತನ್ನಷ್ಟಕ್ಕೆ ಶಕ್ತಿಯಿಲ್ಲ; ಅದನ್ನು ಮಕ್ಕಳಿಗೆ ಓದಿ ಹೇಳುವ ರೂಢಿ ಇರುವವರೆಗೆ ಮಾತ್ರ ಅದು ಬದುಕುತ್ತದೆ. ಎಂಜಿನಿಯರಿಂಗ್ ಕೈಪಿಡಿಯ ಮಟ್ಟಿಗೂ ಈ ಮಾತು ನಿಜ.

ಈ ಅವಘಡದಿಂದ ಬೋಧನೆಯ ಪಾಠ ಕಲಿಯಲು ನಡೆದ ಗಂಭೀರ ಪ್ರಯತ್ನಗಳಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ಮತ್ತು ಟೋಕಿಯೊ ವಿಶ್ವವಿದ್ಯಾಲಯಗಳು 2011ರ ಬೇಸಿಗೆಯಲ್ಲಿ ನಡೆಸಿದ ಶಿಬಿರ ಗಮನಾರ್ಹವಾದುದು. ಪರಮಾಣು ಎಂಜಿನಿಯರಿಂಗ್‌ನ ಸ್ನಾತಕೋತ್ತರ ವಿದ್ಯಾರ್ಥಿಗಳನ್ನು ಸಮಾಜವಿಜ್ಞಾನಿಗಳ ಎದುರು ಕೂರಿಸಿದ ಈ ಶಿಬಿರದಿಂದ ಮೂಡಿದ ಸಂಪುಟ 2015ರಲ್ಲಿ ಪ್ರಕಟವಾಯಿತು. ಎಂಜಿನಿಯರನಿಗೆ ಸಾಮಾಜಿಕ ಸಾಕ್ಷರತೆ ಬೇಕೆಂದು ಅದು ಹೇಳುತ್ತದೆ. ಈ ನಿಲುವನ್ನು ನಾವು ಸ್ವಾಗತಿಸಬೇಕು. ಆದರೆ ‘ಸಾಕ್ಷರತೆ’ ಎಂಬ ರೂಪಕವು ಓದು ಬರಹದ ಲೋಕದ್ದು. ಮೌಖಿಕ ಪರಂಪರೆಯನ್ನು ಅಭ್ಯಸಿಸಿದವರು ಅದರೊಂದಿಗೆ ಇನ್ನೊಂದನ್ನು ಸೇರಿಸಬೇಕೆನ್ನುತ್ತಾರೆ: ಕೇಳಿಸಿಕೊಳ್ಳುವ ಶಿಸ್ತು.

5

ಪರಮಾಣು ಕ್ಷೇತ್ರ ಜಾನಪದವನ್ನು ಸಂಪೂರ್ಣವಾಗಿ ಮರೆತಿದೆಯೆನ್ನುವಂತಿಲ್ಲ. 1984ರಲ್ಲಿ ಇಂಡಿಯಾನಾ ವಿಶ್ವವಿದ್ಯಾಲಯದ ಸಂಕೇತಶಾಸ್ತ್ರಜ್ಞ ಥಾಮಸ್ ಸೆಬೆಯೋಕ್ ಅವರು ವಿಕಿರಣಶೀಲ ತ್ಯಾಜ್ಯದ ಅಪಾಯವನ್ನು ಹತ್ತು ಸಾವಿರ ವರ್ಷಗಳ, ಅಂದರೆ ಮುನ್ನೂರು ತಲೆಮಾರುಗಳ ಆಚೆಗೆ ತಿಳಿಸುವುದು ಹೇಗೆಂಬ ಪ್ರಶ್ನೆಗೆ ಉತ್ತರವಾಗಿ ವರದಿಯೊಂದನ್ನು ಸಿದ್ಧಪಡಿಸಿದರು. ಪ್ಲುಟೋನಿಯಂ-239ರ ಅರ್ಧಾಯುಷ್ಯವೇ ಸುಮಾರು 24,100 ವರ್ಷಗಳಾಗಿರುವಾಗ ಪ್ರಶ್ನೆ ಕಾಲ್ಪನಿಕವೇನಲ್ಲ. ಜಾನಪದೀಯ ಪ್ರಸರಣವನ್ನು ಬಳಸಿಕೊಳ್ಳಬೇಕು, ಆಚರಣೆ ಮತ್ತು ಐತಿಹ್ಯಗಳನ್ನು ಉದ್ದೇಶಪೂರ್ವಕವಾಗಿ ಹುಟ್ಟಿಸಿ ಪೋಷಿಸಬೇಕು, ನಿಜವಾದ ತಿಳಿವಳಿಕೆಯನ್ನು ಮಾತ್ರ ‘ಪರಮಾಣು ಪುರೋಹಿತವರ್ಗ’ವೊಂದು ಕಾಪಾಡಿಕೊಂಡು ಬರಬೇಕು ಎಂದು ಅವರು ಸೂಚಿಸಿದರು.

ನಮ್ಮ ಶಿಸ್ತಿಗೆ ದೊರೆತ ಮನ್ನಣೆಯಂತೆ ಇದು ಮೊದಲ ನೋಟಕ್ಕೆ ತೋರುತ್ತದೆ. ಆದರೆ ಇಲ್ಲಿ ಜ್ಞಾನ ಪುರೋಹಿತರ ಪಾಲಿಗೆ, ಭಯ ಜನರ ಪಾಲಿಗೆ. ಜನಪದರು ನಂಬುವವರು ಮಾತ್ರ, ಬಲ್ಲವರಲ್ಲ. ಕೊಡಗಿನ ದೇವರಕಾಡುಗಳ ಅನುಭವ ಇದಕ್ಕೆ ಉತ್ತರ ಹೇಳುತ್ತದೆ. ಆ ಕಾಡುಗಳನ್ನು ಶತಮಾನಗಳ ಕಾಲ ಕಾಪಾಡಿದ್ದು ಬರಿಯ ದೈವಭೀತಿಯಲ್ಲ. ಊರಿನ ಹಬ್ಬ, ಕುಟುಂಬಗಳ ಹೊಣೆ, ಮರ ನೀರಿನ ಅರಿವು ಇವೆಲ್ಲ ಕೂಡಿದ ವ್ಯವಸ್ಥೆ. ಆ ಹೊಣೆ ಸಡಿಲವಾದ ಕಡೆಗಳಲ್ಲಿ ನಂಬಿಕೆ ಉಳಿದಿದ್ದರೂ ಕಾಡು ಕುಗ್ಗಿತು. ಭಯದಿಂದ ಕಾಯುವುದು ಬಹುಕಾಲ ನಡೆಯುವುದಿಲ್ಲ.

ಸೆಬೆಯೋಕ್ ಅವರ ಕಲ್ಪನೆ ಜಾರಿಗೆ ಬರಲಿಲ್ಲ. ಆದರೂ ಅದರ ನೆರಳು ಪಠ್ಯಕ್ರಮಗಳ ಮೇಲಿದೆ. ‘ಸಾರ್ವಜನಿಕ ಸ್ವೀಕೃತಿ’ ಎಂಬ ಹೆಸರಿನಲ್ಲಿ ಜನರ ಪ್ರಸ್ತಾಪ ಬರುವಲ್ಲೆಲ್ಲ, ಎಂಜಿನಿಯರನಿಗೆ ತಿಳಿದಿದೆ, ಜನರಿಗೆ ಭಯವಿದೆ, ಭಯವನ್ನು ಹೋಗಲಾಡಿಸುವ ಸಂವಹನ ಕೌಶಲ ಬೇಕು ಎಂಬ ಗ್ರಹಿಕೆ ಕೆಲಸ ಮಾಡುತ್ತದೆ. ಸೆಬೆಯೋಕ್ ಭಯವನ್ನು ಬಿತ್ತಲು ಹೊರಟರು, ಈ ಪಾಠ ಭಯವನ್ನು ಕೀಳಲು ಹೊರಡುತ್ತದೆ. ಜನ ಬಲ್ಲವರಲ್ಲ ಎಂಬ ತಿಳಿವಳಿಕೆಯಲ್ಲಿ ಎರಡೂ ಒಂದೇ.

ಕರ್ನಾಟಕದ ಮಟ್ಟಿಗೆ ಈ ಪ್ರಶ್ನೆಗೆ ಕೈಗಾ ಎಂಬ ಹೆಸರಿದೆ. ಉತ್ತರ ಕನ್ನಡದ ಕಾಳಿ ನದಿಯ ದಂಡೆಯ ಈ ಸ್ಥಾವರವನ್ನು ವಿರೋಧಿಸಿದವರಲ್ಲಿ ಶಿವರಾಮ ಕಾರಂತರು ಮುಂಚೂಣಿಯಲ್ಲಿದ್ದರು. 1989ರಲ್ಲಿ ಅವರು ಇಳಿವಯಸ್ಸಿನಲ್ಲಿಯೂ ಲೋಕಸಭೆಗೆ ಸ್ಪರ್ಧಿಸಿ ಸೋತರು. ನಿರ್ಮಾಣ ಹಂತದಲ್ಲಿದ್ದ ಮೊದಲ ಘಟಕದ ಒಳಗುಮ್ಮಟದ ಕಾಂಕ್ರೀಟು 1994ರ ಮೇ 13ರಂದು ಪದರು ಬಿಟ್ಟು ಕುಸಿಯಿತು. ವಿನ್ಯಾಸವನ್ನು ಪರಿಷ್ಕರಿಸಿ ಮತ್ತೆ ಕಟ್ಟಲಾಯಿತು. ಅದೇ ಘಟಕ 2018ರ ಡಿಸೆಂಬರ್ 31ರವರೆಗೆ 962 ದಿನ ನಿರಂತರವಾಗಿ ನಡೆದು ಆಗಿನ ವಿಶ್ವದಾಖಲೆಯನ್ನು ಬರೆಯಿತು. ಗುಮ್ಮಟದ ಕುಸಿತವನ್ನು ಮಾತ್ರ ನೆನೆಯುವ ಕಥನವೂ ದಾಖಲೆಯನ್ನು ಮಾತ್ರ ನೆನೆಯುವ ಕಥನವೂ ಅರ್ಧ ಪಾಠಗಳೇ. ತಲಾ 700 ಮೆಗಾವಾಟ್‌ನ ಇನ್ನೆರಡು ಘಟಕಗಳಿಗೆ 2017ರಲ್ಲಿ ಕೇಂದ್ರ ಸಚಿವ ಸಂಪುಟದ ಒಪ್ಪಿಗೆ ದೊರೆತಿದೆ. ಅಲ್ಲಿ ಮುಂದೆ ಕೆಲಸಕ್ಕೆ ಸೇರುವ ತರುಣ ಎಂಜಿನಿಯರನಿಗೆ ಈ ಎರಡು ಕಥನಗಳೂ, ಅವುಗಳ ಜೊತೆಗೆ ಆ ಕಣಿವೆಯ ಜನರ ಮಾತೂ ತಿಳಿದಿರಬೇಕಲ್ಲವೇ?

6

ವಿಮರ್ಶೆಯು ಸೂಚನೆಯಿಲ್ಲದೆ ಮುಗಿಯಬಾರದು. ಮೊದಲನೆಯದಾಗಿ, ಅವಘಡಗಳನ್ನು ಕಥನಗಳಾಗಿ, ಪಾಠಾಂತರಗಳೊಡನೆ ಬೋಧಿಸುವ ಒಂದು ಪತ್ರಿಕೆ ಬೇಕು. ಚೆರ್ನೋಬಿಲ್‌ನ 1986 ಮತ್ತು 1992ರ ವರದಿಗಳನ್ನು ಜೊತೆಯಾಗಿ ಓದಿಸಿ, ಯಾರು ಹೇಳುತ್ತಿದ್ದಾರೆ, ಯಾರಿಗೆ, ಯಾವ ಸಂದರ್ಭದಲ್ಲಿ ಎಂದು ಕೇಳಬೇಕು.

ಎರಡನೆಯದಾಗಿ, ಕಥೆಯನ್ನು ನಡುವೆ ನಿಲ್ಲಿಸುವ ಬೋಧನಾ ಕ್ರಮ. ತ್ರೀ ಮೈಲ್ ಐಲೆಂಡಿನ ಚಾಲಕರಿಗೆ ಆ ಕ್ಷಣದಲ್ಲಿ ಕಂಡ ದೀಪ, ಮಾಪಕ, ಗಂಟೆಗಳನ್ನಷ್ಟೇ ವಿದ್ಯಾರ್ಥಿಯ ಮುಂದಿಟ್ಟು ನಿರ್ಧಾರ ಕೇಳಬೇಕು. ಅಂತ್ಯವನ್ನು ಆಮೇಲೆ ಹೇಳಬೇಕು. ತಾನೂ ನೀರನ್ನು ತಗ್ಗಿಸುತ್ತಿದ್ದೆನೆಂಬುದನ್ನು ಕಂಡುಕೊಂಡ ವಿದ್ಯಾರ್ಥಿ ಆ ಪಾಠವನ್ನು ಮರೆಯಲಾರ.

ಮೂರನೆಯದಾಗಿ, ಕ್ಷೇತ್ರಕಾರ್ಯ. 1993ರ ಮಾರ್ಚ್ 31ರ ನಸುಕಿನಲ್ಲಿ ಉತ್ತರ ಪ್ರದೇಶದ ನರೋರಾ ಸ್ಥಾವರದಲ್ಲಿ ಟರ್ಬೈನಿನ ಅಲಗುಗಳು ಮುರಿದು ಬೆಂಕಿ ಹೊತ್ತಿತು. ಕೇಬಲ್ಲುಗಳು ಸುಟ್ಟು ಸ್ಥಾವರ ಸುಮಾರು ಹದಿನೇಳು ಗಂಟೆ ವಿದ್ಯುತ್ತಿಲ್ಲದೆ ಕಳೆಯಿತು. ಸಿಬ್ಬಂದಿ ಟಾರ್ಚು ಹಿಡಿದು ಕತ್ತಲಲ್ಲಿ ಮೇಲೆ ಹತ್ತಿ, ಕೈಯಿಂದಲೇ ಕವಾಟ ತೆರೆದು ಬೋರಾನ್ ದ್ರಾವಣವನ್ನು ರಿಯಾಕ್ಟರಿನೊಳಗೆ ಬಿಟ್ಟರು. ಶಿಕಾಗೊದ ಕೊಡಲಿಯ ಕಥೆಯನ್ನು ಬಲ್ಲ ನಮ್ಮ ವಿದ್ಯಾರ್ಥಿಗಳಿಗೆ ನರೋರಾದ ಟಾರ್ಚಿನ ಕಥೆ ಅಷ್ಟೇ ಪರಿಚಿತವಾಗಬೇಕು. ನಿವೃತ್ತ ಚಾಲಕರ, ಕುಶಲಕರ್ಮಿಗಳ, ಸ್ಥಾವರದ ನೆರೆಹೊರೆಯ ಹಳ್ಳಿಗರ ಮಾತನ್ನು ವಿದ್ಯಾರ್ಥಿಯೇ ಕುಳಿತು ದಾಖಲಿಸುವ ಒಂದು ಅವಧಿ ಪದವಿಯ ಭಾಗವಾಗಬೇಕು. ಅದಕ್ಕೆ ಬೇಕಾದ ಸಂಗ್ರಹ ವಿಧಾನ ಜಾನಪದ ವಿಭಾಗಗಳ ಬಳಿಯಿದೆ.

ಇವನ್ನು ಅಂಕಗಳಲ್ಲಿ ಅಳೆಯುವುದು ಹೇಗೆಂಬ ಪ್ರಶ್ನೆ ಏಳುತ್ತದೆ. ಈ ತೊಡಕನ್ನು ನಾವೂ ಬಲ್ಲೆವು. ಯಕ್ಷಗಾನದ ಕಲಾವಿದನು ಹಿಂದೆ ಕೋಡಂಗಿ ವೇಷದಿಂದ ತೊಡಗಿ, ಬಾಲಗೋಪಾಲ, ಸ್ತ್ರೀವೇಷಗಳನ್ನು ದಾಟಿ, ವರ್ಷಗಟ್ಟಲೆ ಮೇಳದೊಡನೆ ತಿರುಗಿ ಕಲಿಯುತ್ತಿದ್ದ. ಕೇಂದ್ರಗಳು ಸ್ಥಾಪನೆಯಾಗಿ ಕಲಿಕೆಗೆ ಕ್ರಮ ಬಂದದ್ದು ಲಾಭ. ರಂಗದ ಮೇಲೆ ನಿಂತು ಹಿರಿಯರನ್ನು ನೋಡುತ್ತ ಕಲಿಯುವ ಅವಧಿ ಕಡಿಮೆಯಾದದ್ದು ನಷ್ಟ. ಜಾನಪದವೇ ಸ್ನಾತಕೋತ್ತರ ವಿಷಯವಾದ ಮೇಲೆ, ಐತಿಹ್ಯದ ಲಕ್ಷಣಗಳನ್ನು ಬಾಯಿಪಾಠ ಒಪ್ಪಿಸಬಲ್ಲ, ಆದರೆ ಹಾಡುಗಾರ್ತಿಯ ಎದುರು ಒಂದು ತಾಸು ಸುಮ್ಮನೆ ಕುಳಿತು ಕೇಳಲಾರದ ಪದವೀಧರರನ್ನು ನಾವು ತಯಾರಿಸಿದ್ದೇವೆ. ಆದ್ದರಿಂದ ಈ ಸೂಚನೆಗಳನ್ನು ಪರಿಹಾರ ಕಂಡುಕೊಂಡವರ ಉಪದೇಶವೆಂದು ತಿಳಿಯಬಾರದು. ಅದೇ ಕಾಯಿಲೆಯನ್ನು ಅನುಭವಿಸುತ್ತಿರುವ ನೆರೆಯವರ ಮಾತೆಂದು ಸ್ವೀಕರಿಸಬೇಕು.

ನಮ್ಮಲ್ಲಿ ಆ ಕೊರತೆಯಿಂದ ಹಾಡೊಂದು ಕಳೆದುಹೋಗುತ್ತದೆ. ಅದು ಸಣ್ಣ ನಷ್ಟವಲ್ಲ. ಅಲ್ಲಿ ಕಳೆದುಹೋಗುವುದು ಡೇವಿಸ್-ಬೆಸಿಯ ಕವಾಟದ ಕಥೆ. ಅದನ್ನು ಕೇಳಿಸಿಕೊಳ್ಳದೆ ಹೋದುದರ ಬೆಲೆ ಹದಿನೆಂಟು ತಿಂಗಳ ಬಳಿಕ ಇನ್ನೊಂದು ಊರಿನಲ್ಲಿ ತೆರಬೇಕಾಯಿತು. ಪರಮಾಣು ಎಂಜಿನಿಯರಿಂಗ್‌ನ ಪಠ್ಯಕ್ರಮವನ್ನು ರೂಪಿಸುವವರು ಸಮೀಕರಣಗಳ ನಡುವೆ ಆ ಕಥೆಗೊಂದು ಜಾಗವನ್ನು ಕಲ್ಪಿಸುವುದು ಅಗತ್ಯ.